ತ್ರಿಪುರಿಯ ಅಧ್ಯಕ್ಷ ಚುನಾವಣೆಯೂ ಕರ್ನಾಟಕದ ಮತವೂ

ಹಡಗಲಿ ತಾಲ್ಲೂಕಿನ ಹೊಳಲು ತುಂಗಭದ್ರೆಯ ಬಲದಂಡೆಯ ಸೀಮೆಗೆ ಸೇರಿದ ಊರು. ಪಟ್ಟಣವೆಂಬ ಅರ್ಥವುಳ್ಳ ‘ಪೊೞಲ್’ ಎಂಬ ಹಳಗನ್ನಡ ಶಬ್ದವು ಈ ಹೆಸರಿನಲ್ಲಿ ಇನ್ನೂ ಕೇಳಿಬರುತ್ತಿರುವುದು. 1800ರಲ್ಲಿ ನಿಜಾಮನು ದತ್ತಮಂಡಲಗಳನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿಯ ಸೀಮೆಯು ಮದರಾಸಿನ ಆಡಳಿತಕ್ಕೆ ಒಳಪಟ್ಟಿತು. ಹೊಳೆಯನ್ನು ದಾಟಿ ಪಶ್ಚಿಮಕ್ಕೆ ಹೋದರೆ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆ. ಅದೇ ಹೊಳೆಯನ್ನು ಅನುಸರಿಸಿ ಉತ್ತರಕ್ಕೆ ಹೋದರೆ ಹೈದರಾಬಾದು ಸಂಸ್ಥಾನ. ದಕ್ಷಿಣಕ್ಕೆ ನಡೆದರೆ ಮೈಸೂರು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳ ರೈತನು ಸಂತೆಗೋ ಜಾತ್ರೆಗೋ ನಂಟರ ಮನೆಗೋ ಹೊರಟಾಗ ಭಾಷೆಯನ್ನು ಬದಲಿಸದೆಯೇ ಸರಕಾರವನ್ನು ಬದಲಿಸುತ್ತಿದ್ದನು. ನಾಲ್ಕು ಆಡಳಿತಗಳ ನಡುವೆ ಹೀಗೆ ಸಿಕ್ಕಿಕೊಂಡಿದ್ದ ನಾಡಿನಲ್ಲಿ, ಸೀಮೆಯ ಪ್ರಶ್ನೆಯು ಪಂಡಿತರ ಚರ್ಚೆಯ ವಸ್ತುವಾಗಿರದೆ ದಿನದಿನದ ಅನುಭವವಾಗಿದ್ದಿತೆಂಬುದನ್ನು ಮೊದಲು ನೆನೆಯಬೇಕು.

ಇಂತಹ ನಾಡಿನ ಪ್ರತಿನಿಧಿಗಳು 1939ನೆಯ ಜನವರಿ 29ರಂದು ಇಡೀ ದೇಶದ ಕಾಂಗ್ರೆಸ್ಸಿಗೆ ಅಧ್ಯಕ್ಷನೊಬ್ಬನನ್ನು ಆರಿಸಬೇಕಾಗಿ ಬಂದಿತು. ಕಣದಲ್ಲಿ ಉಳಿದವರು ಇಬ್ಬರು: ಬಂಗಾಳದ ಸುಭಾಷಚಂದ್ರ ಬೋಸರು, ಆಂಧ್ರದ ಡಾಕ್ಟರ್ ಪಟ್ಟಾಭಿ ಸೀತಾರಾಮಯ್ಯನವರು. ಉಮೇದುವಾರನನ್ನು ಆರಿಸುವಾಗ ಅವನ ವ್ಯಕ್ತಿತ್ವವನ್ನು ತೂಗಬೇಕೆ, ಅವನ ಪ್ರಾಂತವನ್ನು ತೂಗಬೇಕೆ, ಅವನು ಮುಂದಿಡುವ ರಾಷ್ಟ್ರೀಯ ಪ್ರಶ್ನೆಯನ್ನು ತೂಗಬೇಕೆ ಎಂಬ ವಿಚಾರವು ಅಂದು ಬಹಿರಂಗವಾಗಿ ಎದ್ದಿತು. ಕರ್ನಾಟಕದ ಪ್ರತಿನಿಧಿಗಳು ಆ ವಿಚಾರಕ್ಕೆ ಕೊಟ್ಟ ಉತ್ತರವು ಅಂಕಿಗಳಲ್ಲಿ ಉಳಿದಿದೆ. ಆ ಉತ್ತರದ ಬೆಲೆಯೇನು, ಅದರಲ್ಲಿ ಕಾಣುವ ಕೊರತೆಯೇನು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಾಂಗ್ರೆಸ್ಸಿನ ಅಧ್ಯಕ್ಷಪದವಿಯು ಆರಂಭದಲ್ಲಿ ಸ್ಪರ್ಧೆಯ ಸ್ಥಾನವಾಗಿರಲಿಲ್ಲ. ಅಧಿವೇಶನವೊಂದರ ಸಭಾಪತಿಯಾಗಿ ದೀರ್ಘವಾದ ಭಾಷಣವನ್ನು ಮಾಡುವ ಗೌರವವೇ ಅದರ ಮುಖ್ಯ ಲಕ್ಷಣವಾಗಿದ್ದಿತು. ಆ ಗೌರವಕ್ಕೂ ಕಲಹವು ತಪ್ಪಲಿಲ್ಲ. 1907ರ ಸೂರತ್ ಅಧಿವೇಶನದಲ್ಲಿ ರಾಸಬಿಹಾರಿ ಘೋಷರ ಹೆಸರನ್ನು ಸೂಚಿಸಿದ ಪ್ರಸಂಗದಲ್ಲಿಯೇ ಮಂದಗಾಮಿಗಳೂ ತೀವ್ರಗಾಮಿಗಳೂ ಎರಡಾಗಿ ಒಡೆದರು. ಆದರೂ ಪ್ರಾಂತಿಕ ಸಮಿತಿಗಳು ಹೆಸರುಗಳನ್ನು ಸೂಚಿಸುವುದು, ಹಿರಿಯರು ತಮ್ಮತಮ್ಮಲ್ಲಿ ಆಲೋಚಿಸುವುದು, ಕೊನೆಗೆ ಒಮ್ಮತದಿಂದ ಒಬ್ಬರನ್ನು ಪೀಠಕ್ಕೇರಿಸುವುದು, ಇದೇ ರೂಢಿಯಾಗಿ ನಡೆದುಬಂದಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಸೇರಿದ ಅಧಿವೇಶನಕ್ಕೆ ಗಾಂಧೀಜಿಯವರು ಅಧ್ಯಕ್ಷರಾದುದು ಈ ಕ್ರಮದಿಂದಲೇ. 1934ರ ಮುಂಬಯಿ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ನಿಬಂಧನೆಯು ತಿದ್ದುಪಡಿ ಹೊಂದಿದ ಮೇಲೆ ಅಧ್ಯಕ್ಷನ ಆಯ್ಕೆಯು ಪ್ರತಿನಿಧಿಗಳ ನೇರವಾದ ಮತಕ್ಕೆ ಸೇರಿತು. ವರ್ಷಕ್ಕೆ ನಾಲ್ಕಾಣೆ ವಂತಿಗೆ ಕೊಟ್ಟ ಸಾಮಾನ್ಯ ಸದಸ್ಯನು ಪ್ರತಿನಿಧಿಯನ್ನು ಆರಿಸಬೇಕು. ಆ ಪ್ರತಿನಿಧಿಯು ತನ್ನ ಪ್ರಾಂತದಲ್ಲಿಯೇ ಗೊತ್ತಾದ ದಿನ ಅಧ್ಯಕ್ಷನಿಗಾಗಿ ಮತ ಹಾಕಬೇಕು. ಹೀಗೆ ಹೊಳಲಿನಂತಹ ಊರಿನ ನಾಲ್ಕಾಣೆ ಸದಸ್ಯನಿಗೂ ದೇಶದ ಮಹಾಸಂಸ್ಥೆಯ ಮುಖ್ಯಸ್ಥನಿಗೂ ನಡುವೆ ಎರಡೇ ಮೆಟ್ಟಿಲುಗಳ ಅಂತರ ಉಳಿಯಿತು.

ಆದರೆ ನಿಯಮವು ಬದಲಾದೊಡನೆ ರೂಢಿಯು ಬದಲಾಗಲಿಲ್ಲ. 1936ರ ಡಿಸೆಂಬರಿನ ಫೈಜಪುರ ಅಧಿವೇಶನಕ್ಕೆ ಮುನ್ನ ವಲ್ಲಭಭಾಯಿ ಪಟೇಲರು ಹಿಂದೆ ಸರಿದು ಜವಾಹರಲಾಲ ನೆಹರೂರವರಿಗೆ ಎಡೆಮಾಡಿಕೊಟ್ಟರು. 1938ರ ಹರಿಪುರದ ಅಧಿವೇಶನಕ್ಕೆ ಸುಭಾಷಚಂದ್ರ ಬೋಸರು ಸ್ಪರ್ಧೆಯಿಲ್ಲದೆ ಆಯ್ಕೆಯಾದರು. ಮತದ ಹಕ್ಕು ಕಾಗದದಲ್ಲಿದ್ದಿತು. ಅದನ್ನು ಬಳಸುವ ಸಂದರ್ಭವು ಒದಗಿರಲಿಲ್ಲ. ಅದನ್ನು ಒದಗಿಸಿದ್ದು ತ್ರಿಪುರಿಯ ಅಧಿವೇಶನಕ್ಕಾಗಿ ನಡೆದ ಆಯ್ಕೆ.

ಆ ವರ್ಷ ಮೊದಲು ಮೂವರ ಹೆಸರುಗಳು ಸೂಚಿತವಾಗಿದ್ದುವು. ಮೂರನೆಯವರಾದ ಮೌಲಾನಾ ಅಬುಲ್ ಕಲಾಂ ಆಜಾದರು ಪಟ್ಟಾಭಿಯವರ ಪರವಾಗಿ ಹಿಂದೆಗೆದರು. ಪಟ್ಟಾಭಿಯವರು ಮಚಲೀಪಟ್ಟಣದಲ್ಲಿ ವೈದ್ಯವೃತ್ತಿಯನ್ನು ನಡೆಸಿ, 1923ರಲ್ಲಿ ಆಂಧ್ರ ಬ್ಯಾಂಕನ್ನು ಸ್ಥಾಪಿಸಿ, 1935ರಲ್ಲಿ ಕಾಂಗ್ರೆಸ್ಸಿನ ಇತಿಹಾಸವನ್ನು ಬರೆದು ಪ್ರಸಿದ್ಧರಾಗಿದ್ದವರು; ಗಾಂಧೀ ಮಾರ್ಗದಲ್ಲಿ ಅಚಲವಾದ ಶ್ರದ್ಧೆಯುಳ್ಳವರು. ಬೋಸರಾದರೋ ಒಂದು ವರ್ಷ ಅಧ್ಯಕ್ಷರಾಗಿದ್ದು, ಮತ್ತೊಂದು ವರ್ಷಕ್ಕೂ ನಿಲ್ಲಲು ನಿರ್ಧರಿಸಿದ್ದರು. ಅವರು ಅದಕ್ಕೆ ಕೊಟ್ಟ ಕಾರಣವು ಸ್ವಂತದ ಹಿರಿಮೆಯಾಗಿರಲಿಲ್ಲ, ಒಂದು ರಾಷ್ಟ್ರೀಯ ಪ್ರಶ್ನೆಯಾಗಿದ್ದಿತು.

ಆ ಪ್ರಶ್ನೆಯು 1935ರ ಭಾರತ ಸರಕಾರದ ಕಾಯಿದೆಯಲ್ಲಿ ಅಡಗಿದ್ದ ಸಂಯುಕ್ತ ರಾಜ್ಯಯೋಜನೆ. ಕಾಯಿದೆಯ ಒಂದು ಭಾಗವಾದ ಪ್ರಾಂತ ಸ್ವಾತಂತ್ರ್ಯವು 1937ರಿಂದಲೇ ಆಚರಣೆಗೆ ಬಂದು, ಅನೇಕ ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಏರ್ಪಟ್ಟಿದ್ದುವು. ಎರಡನೆಯ ಭಾಗವು ಬ್ರಿಟಿಷ್ ಪ್ರಾಂತಗಳನ್ನೂ ದೇಶೀ ಸಂಸ್ಥಾನಗಳನ್ನೂ ಒಂದೇ ಕೇಂದ್ರದ ಕೆಳಗೆ ಕೂಡಿಸತಕ್ಕದ್ದು. ಕೇಂದ್ರದ ಕೆಳಮನೆಯಲ್ಲಿ ಬ್ರಿಟಿಷ್ ಪ್ರಾಂತಗಳಿಗೆ 250 ಸ್ಥಾನಗಳೂ ಸಂಸ್ಥಾನಗಳಿಗೆ 125 ಸ್ಥಾನಗಳೂ, ಮೇಲ್ಮನೆಯಲ್ಲಿ ಕ್ರಮವಾಗಿ 156 ಮತ್ತು 104 ಸ್ಥಾನಗಳೂ ಗೊತ್ತಾಗಿದ್ದುವು. ಪ್ರಾಂತಗಳಿಂದ ಬರುವವರು ಚುನಾವಣೆಯಿಂದ ಬರಬೇಕು. ಸಂಸ್ಥಾನಗಳಿಂದ ಬರುವವರನ್ನು ರಾಜರೇ ನೇಮಿಸಬಹುದು. ಮೇಲ್ಮನೆಯಲ್ಲಿ ಕಡಮೆಯೆಂದರೆ 52 ಸ್ಥಾನಗಳಿಗೆ ಅರ್ಹವಾದ, ಸಂಸ್ಥಾನಗಳ ಒಟ್ಟು ಜನಸಂಖ್ಯೆಯಲ್ಲಿ ಅರ್ಧದಷ್ಟನ್ನಾದರೂ ಒಳಗೊಂಡ ರಾಜರು ಒಪ್ಪಿದರೆ ಯೋಜನೆಯು ಜಾರಿಗೆ ಬರುವಂತಿದ್ದಿತು. ಮಂತ್ರಿಪದವಿಗಳ ರುಚಿಯನ್ನು ಕಂಡ ಕಾಂಗ್ರೆಸ್ಸಿನ ಬಲಪಕ್ಷವು ಈ ಯೋಜನೆಯಲ್ಲಿಯೂ ಸರಕಾರದೊಡನೆ ರಾಜಿ ಮಾಡಿಕೊಂಡೀತೆಂಬ ಶಂಕೆಯನ್ನು ಬೋಸರು ವ್ಯಕ್ತಪಡಿಸಿದರು. ಎದುರು ಪಕ್ಷದವರು ಅದನ್ನು ನಿರಾಧಾರವೆಂದು ತಳ್ಳಿಹಾಕಿದರು. ಯೋಜನೆಯನ್ನು ತಿರಸ್ಕರಿಸುವುದರಲ್ಲಿ ಕಾಂಗ್ರೆಸ್ಸಿನೊಳಗೆ ಭೇದವಿಲ್ಲವೆಂಬುದು ಅವರ ವಾದ.

ಕನ್ನಡಿಗರಿಗೆ ಈ ವಿಷಯವು ದೂರದ ದಿಲ್ಲಿಯ ಮಾತಾಗಿರಲಿಲ್ಲ. ಕಾಯಿದೆಯ ಪ್ರಕಾರ ಕೆಳಮನೆಯಲ್ಲಿ ಹೈದರಾಬಾದಿಗೆ 16, ಮೈಸೂರಿಗೆ 7 ಸ್ಥಾನಗಳು. ಮೇಲ್ಮನೆಯಲ್ಲಿ 5 ಮತ್ತು 3. ಎಂದರೆ, ಕನ್ನಡ ನಾಡಿನ ದೊಡ್ಡದೊಂದು ಭಾಗದ ಮಾತನ್ನು ಕೇಂದ್ರದಲ್ಲಿ ಆಡತಕ್ಕವರು ನಿಜಾಮರ ಮತ್ತು ಮಹಾರಾಜರ ನಾಮಕರಣದಿಂದ ಹೋಗುವವರಾಗುತ್ತಿದ್ದರು. ಈ ಸಂಸ್ಥಾನಗಳಲ್ಲಿ ಆಗ ನಡೆಯುತ್ತಿದ್ದುದೇನು? 1938ರ ಏಪ್ರಿಲಿನಲ್ಲಿ ಶಿವಪುರದ ಧ್ವಜಸತ್ಯಾಗ್ರಹವೂ ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಜನರ ಮೇಲೆ ಗೋಲೀಬಾರೂ ನಡೆದುವು. ಅದೇ ವರ್ಷ ಹೈದರಾಬಾದಿನಲ್ಲಿ ಸ್ಟೇಟ್ ಕಾಂಗ್ರೆಸ್ಸು ಪೂರ್ಣವಾಗಿ ಹುಟ್ಟುವ ಮೊದಲೇ ನಿಷೇಧಕ್ಕೆ ಗುರಿಯಾಗಿ, ಅಕ್ಟೋಬರಿನಿಂದ ಸತ್ಯಾಗ್ರಹವು ಆರಂಭವಾಯಿತು. ಇತ್ತ ಹರಿಪುರದ ನಿರ್ಣಯವು ಸಂಸ್ಥಾನಗಳೊಳಗಿನ ಹೋರಾಟವನ್ನು ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಸಕೂಡದೆಂದು ಕಟ್ಟುಮಾಡಿದ್ದಿತು. ಕಾಂಗ್ರೆಸ್ಸಿನ ಕರ್ನಾಟಕ ಪ್ರಾಂತದೊಳಗೆ ಬ್ರಿಟಿಷ್ ಜಿಲ್ಲೆಗಳ ಜನರೂ ಸಂಸ್ಥಾನಗಳ ಜನರೂ ಒಟ್ಟಿಗೆ ಇದ್ದುದರಿಂದ, ಸಂಯುಕ್ತ ರಾಜ್ಯದ ಪ್ರಶ್ನೆಯು ಇಲ್ಲಿ ಎರಡು ಪಟ್ಟು ತೀಕ್ಷ್ಣವಾಗಿದ್ದಿತು.

ಇದು ತಕ್ಕಡಿಯ ಒಂದು ತಟ್ಟೆ. ಇನ್ನೊಂದು ತಟ್ಟೆಯಲ್ಲಿ ಭಾಷಾಪ್ರಾಂತದ ಪ್ರಶ್ನೆಯಿದ್ದಿತು. ಕಾಂಗ್ರೆಸ್ಸಿನೊಳಗೆ ಭಾಷೆಗನುಸಾರವಾಗಿ ಪ್ರಾಂತಗಳಾಗಬೇಕೆಂಬ ವಾದವನ್ನು ಮೊದಲು ಬಲವಾಗಿ ಎತ್ತಿದವರು ಆಂಧ್ರರು; 1918ರಷ್ಟು ಹಿಂದೆಯೇ ಅವರು ಪ್ರತ್ಯೇಕವಾದ ಕಾಂಗ್ರೆಸ್ ಪ್ರಾಂತವನ್ನು ಪಡೆದರು. ಆ ಪ್ರಯತ್ನದ ಮುಖ್ಯ ಪುರುಷರಲ್ಲಿ ಪಟ್ಟಾಭಿಯವರೂ ಒಬ್ಬರು. 1920ರ ನಾಗಪುರ ಅಧಿವೇಶನವು ಆ ತತ್ತ್ವವನ್ನು ಸಾರ್ವತ್ರಿಕವಾಗಿ ಅಂಗೀಕರಿಸಿದ್ದರಿಂದಲೇ ಕರ್ನಾಟಕಕ್ಕೂ ಸ್ವಂತದ ಪ್ರಾಂತಿಕ ಸಮಿತಿಯು ದೊರಕಿತು. ಈ ದೃಷ್ಟಿಯಿಂದ ಪಟ್ಟಾಭಿಯವರು ಏಕೀಕರಣವಾದಿಗಳಾದ ಕನ್ನಡಿಗರಿಗೆ ಸಹಪಥಿಕರೇ ಸರಿ. ಆದರೆ ತತ್ತ್ವದಲ್ಲಿ ಜೊತೆಯಾದವರು ಎಲ್ಲೆಯಲ್ಲಿ ಎದುರಾಳಿಗಳಾದರು. ಬಳ್ಳಾರಿ ಜಿಲ್ಲೆಯನ್ನು ಎರಡು ಪ್ರಾಂತಗಳೂ ತಮ್ಮದೆಂದುವು. ನಾಗಪುರದ ತರುವಾಯ ಕಾಂಗ್ರೆಸ್ಸು ನರಸಿಂಹ ಚಿಂತಾಮಣಿ ಕೇಳಕರರನ್ನು ಮಧ್ಯಸ್ಥರನ್ನಾಗಿ ನೇಮಿಸಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ, ಉಳಿದ ತಾಲ್ಲೂಕುಗಳು ಕರ್ನಾಟಕಕ್ಕೂ ಸೇರತಕ್ಕದ್ದೆಂದು ಅವರು ತೀರ್ಪಿತ್ತರು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳ ಕನ್ನಡತನವು ಸಂದೇಹಕ್ಕೆ ಆಸ್ಪದವಿಲ್ಲದ್ದು. ಆದರೂ ಜಿಲ್ಲೆಯ ಮುಖ್ಯಪಟ್ಟಣವೇ ವಿವಾದಗ್ರಸ್ತವಾಗಿರುವಾಗ ಪಶ್ಚಿಮದ ತಾಲ್ಲೂಕುಗಳು ನಿಶ್ಚಿಂತವಾಗಿರಲು ಸಾಧ್ಯವಿರಲಿಲ್ಲ. ಕೇಳಕರರ ತೀರ್ಪು ಕಾಂಗ್ರೆಸ್ಸಿನ ನಕ್ಷೆಗೆ ಮಾತ್ರ ಅನ್ವಯಿಸುತ್ತಿದ್ದಿತೇ ಹೊರತು ಸರಕಾರದ ನಕ್ಷೆಗಲ್ಲ.

1938ರಲ್ಲಿ ಈ ಪ್ರಶ್ನೆಯು ಮತ್ತೆ ಮುಂದೆ ಬಂದಿದ್ದಿತು. ಮದರಾಸಿನ ಮತ್ತು ಮುಂಬಯಿಯ ಶಾಸನಸಭೆಗಳು ಭಾಷಾಪ್ರಾಂತಗಳ ಪರವಾಗಿ ನಿರ್ಣಯಗಳನ್ನು ಅಂಗೀಕರಿಸಿದುವು. ಅದೇ ವರ್ಷದ ಜುಲೈ ತಿಂಗಳಲ್ಲಿ ವಾರ್ಧಾದಲ್ಲಿ ಕೂಡಿದ ಕಾರ್ಯಕಾರಿ ಸಮಿತಿಯು ಆಂಧ್ರ, ಕರ್ನಾಟಕ, ಕೇರಳಗಳ ನಿಯೋಗಗಳಿಗೆ, ಅಧಿಕಾರವು ಕೈಗೆ ಬಂದಾಗ ಈ ಕಾರ್ಯವು ನೆರವೇರುವುದೆಂದು ಭರವಸೆ ಕೊಟ್ಟು, ಅಲ್ಲಿಯವರೆಗೆ ಚಳವಳಿಯನ್ನು ನಿಲ್ಲಿಸಬೇಕೆಂದು ಕೇಳಿಕೊಂಡಿತು. ಹೀಗೆ ಆರು ತಿಂಗಳ ಹಿಂದಷ್ಟೆ ‘ಮೊದಲು ರಾಷ್ಟ್ರ, ತರುವಾಯ ಪ್ರಾಂತ’ ಎಂಬ ಬುದ್ಧಿವಾದವನ್ನು ಕೇಳಿಕೊಂಡು ಹಿಂದಿರುಗಿದ್ದ ಕನ್ನಡಿಗರೇ 1939ರ ಜನವರಿಯಲ್ಲಿ ಮತದಾರರಾದರು.

ಮತದಾನಕ್ಕೆ ಮುಂಚಿನ ಒಂಬತ್ತು ದಿನಗಳ ಹೇಳಿಕೆಗಳು ಕಾಂಗ್ರೆಸ್ಸಿನ ಇತಿಹಾಸದಲ್ಲಿ ಅಪೂರ್ವವಾದುವು. ಜನವರಿ 21ರಂದು ಬೋಸರು ಹೊರಡಿಸಿದ ಹೇಳಿಕೆಯ ಸಾರಾಂಶವಿದು: ಸ್ವತಂತ್ರ ದೇಶಗಳಲ್ಲಿರುವಂತೆ ಇಲ್ಲಿಯೂ ಅಧ್ಯಕ್ಷನ ಚುನಾವಣೆಯು ಗೊತ್ತಾದ ಪ್ರಶ್ನೆಗಳ ಮತ್ತು ಕಾರ್ಯಕ್ರಮಗಳ ಆಧಾರದ ಮೇಲೆ ನಡೆಯಬೇಕು, ಅದರಿಂದ ವಿಷಯಗಳು ತಿಳಿಯಾಗುವುವು, ಜನರ ಮನಸ್ಸಿನ ಒಲವೂ ಗೊತ್ತಾಗುವುದು. 24ರಂದು ಪಟೇಲ, ರಾಜೇಂದ್ರ ಪ್ರಸಾದ, ಕೃಪಲಾನಿ ಮೊದಲಾದ ಕಾರ್ಯಕಾರಿ ಸಮಿತಿಯ ಏಳು ಮಂದಿ ಸದಸ್ಯರು ಇದಕ್ಕೆ ಉತ್ತರ ಕೊಟ್ಟರು. ಕಾಂಗ್ರೆಸ್ಸಿನ ನೀತಿಯನ್ನು ಗೊತ್ತುಮಾಡುವುದು ಅಧಿವೇಶನವೂ ಅಖಿಲ ಭಾರತ ಸಮಿತಿಯೂ ಕಾರ್ಯಕಾರಿ ಸಮಿತಿಯೂ ಹೊರತು ಅಧ್ಯಕ್ಷನಲ್ಲ; ಅವನು ಸಭೆಯನ್ನು ನಿಯಮಾನುಸಾರವಾಗಿ ನಡೆಸತಕ್ಕವನು, ರಾಷ್ಟ್ರದ ಐಕ್ಯಕ್ಕೆ ಪ್ರತೀಕವಾಗಿರತಕ್ಕವನು; ಆದುದರಿಂದ ಆಯ್ಕೆಯು ಒಮ್ಮತದಿಂದಾಗುವುದೇ ಲೇಸು, ಬೋಸರು ಪಟ್ಟಾಭಿಯವರಿಗೆ ದಾರಿ ಬಿಡಬೇಕು ಎಂದು ಅವರ ಅಭಿಪ್ರಾಯ. ಮರುದಿನವೇ ಬೋಸರು ಪ್ರತ್ಯುತ್ತರ ಕೊಟ್ಟು, ಅಧ್ಯಕ್ಷನು ಪ್ರಧಾನಮಂತ್ರಿಯಂತೆ ಅಥವಾ ಅಮೆರಿಕದ ರಾಷ್ಟ್ರಾಧ್ಯಕ್ಷನಂತೆ ತನ್ನ ಮಂಡಲವನ್ನು ತಾನೇ ನೇಮಿಸತಕ್ಕವನಾದುದರಿಂದ ಅವನು ಬರಿಯ ಸಭಾಪತಿಯಲ್ಲವೆಂದು ವಾದಿಸಿದರು. ಆಚಾರ್ಯ ನರೇಂದ್ರದೇವರಂತಹ ಸಂಯುಕ್ತ ರಾಜ್ಯವಿರೋಧಿಯು ಉಮೇದುವಾರರಾಗುವುದಾದರೆ ತಾವು ಹಿಂದೆಗೆಯಲು ಸಿದ್ಧವೆಂದೂ ತಿಳಿಸಿದರು. 26ರಂದು ನೆಹರೂರವರು, ಸಂಯುಕ್ತ ರಾಜ್ಯವು ಈ ಚುನಾವಣೆಯಲ್ಲಿ ವಿವಾದದ ವಿಷಯವೇ ಅಲ್ಲವೆಂದು ಅಭಿಪ್ರಾಯಪಟ್ಟರು.

ಈ ವಾಗ್ವಾದದಲ್ಲಿ ಎರಡು ಬೇರೆಬೇರೆ ಪ್ರಶ್ನೆಗಳು ಬೆರೆತುಕೊಂಡಿರುವುದನ್ನು ಗಮನಿಸಬೇಕು. ದೇಶದ ಮುಂದಿರುವ ಮುಖ್ಯ ಸಮಸ್ಯೆ ಯಾವುದು, ಅದರಲ್ಲಿ ಉಮೇದುವಾರನ ನಿಲುವೇನು ಎಂಬುದು ಒಂದು. ಆ ಸಮಸ್ಯೆಯನ್ನು ಬಗೆಹರಿಸುವ ಶಕ್ತಿಯು ಈಗ ತುಂಬಬೇಕಾಗಿರುವ ಪದವಿಗೆ ಇದೆಯೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬೋಸರು ಒತ್ತು ಕೊಟ್ಟರು. ಎರಡನೆಯದಕ್ಕೆ ಏಳು ಮಂದಿ ಒತ್ತು ಕೊಟ್ಟರು. ಮತದಾರನು ಎರಡನ್ನೂ ಕೇಳಿದನು. ಆದರೆ ಅವನ ಕೈಯಲ್ಲಿದ್ದ ಮತಪತ್ರದಲ್ಲಿ ಎರಡು ಹೆಸರುಗಳಷ್ಟೇ ಇದ್ದುವು.

ಫಲಿತಾಂಶದಲ್ಲಿ ಬೋಸರಿಗೆ 1580 ಮತಗಳೂ ಪಟ್ಟಾಭಿಯವರಿಗೆ 1377 ಮತಗಳೂ ಬಂದುವು, ಅಂತರ 203. ಬಂಗಾಳವು ಬೋಸರಿಗೆ 404, ಪಟ್ಟಾಭಿಯವರಿಗೆ 79 ಮತಗಳನ್ನು ಕೊಟ್ಟಿತು. ಆಂಧ್ರದಲ್ಲಿ ಬೋಸರಿಗೆ 28, ಪಟ್ಟಾಭಿಯವರಿಗೆ 181. ಗುಜರಾತದಲ್ಲಿ ಬೋಸರಿಗೆ ದೊರೆತುವು ಐದೇ ಮತಗಳು, ಎದುರಿಗೆ 100. ಕೇರಳದಲ್ಲಿ 80ಕ್ಕೆ 18. ತಮಿಳುನಾಡಿನಲ್ಲಿ 110ಕ್ಕೆ 102. ಕರ್ನಾಟಕದಲ್ಲಿ ಬೋಸರಿಗೆ 106, ಪಟ್ಟಾಭಿಯವರಿಗೆ 41.

ಬಂಗಾಳವೂ ಆಂಧ್ರವೂ ಉಮೇದುವಾರರ ಸ್ವಂತ ಪ್ರಾಂತಗಳು. ಅಲ್ಲಿ ಅಭಿಮಾನವೆಷ್ಟು, ವಿಚಾರವೆಷ್ಟು ಎಂದು ಬೇರ್ಪಡಿಸುವುದು ಹಾಲಿನಲ್ಲಿ ನೀರನ್ನು ಅರಸಿದಂತೆ. ಆ ಎರಡು ಪ್ರಾಂತಗಳನ್ನು ಲೆಕ್ಕದಿಂದ ಬಿಟ್ಟರೆ ಬೋಸರಿಗೆ 1148, ಪಟ್ಟಾಭಿಯವರಿಗೆ 1117 ಮತಗಳು ಉಳಿಯುತ್ತವೆ. ಅಂತರವು 31ಕ್ಕೆ ಇಳಿಯುತ್ತದೆ. ಕರ್ನಾಟಕವೊಂದೇ ಬೋಸರಿಗೆ ಕೊಟ್ಟ ಮುನ್ನಡೆಯು 65. ಎಂದರೆ, ಸ್ವಂತ ಪ್ರಾಂತಗಳ ಮತವನ್ನು ಬದಿಗಿಟ್ಟು ನೋಡಿದರೆ, ಕರ್ನಾಟಕದ ಮತವಿಲ್ಲದೆ ಬೋಸರು 34ರಿಂದ ಹಿಂದೆ ಬೀಳುತ್ತಿದ್ದರು. ಉಮೇದುವಾರನಿಲ್ಲದ ಪ್ರಾಂತಗಳ ತೀರ್ಪನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿಸಲು ಈ ಚಿಕ್ಕ ಪ್ರಾಂತವು ಸಾಕಾಯಿತು.

ಸಂಖ್ಯೆಯು ತಾನಾಗಿ ಉದ್ದೇಶವನ್ನು ನುಡಿಯುವುದಿಲ್ಲ. ಬಳ್ಳಾರಿಯ ವಿವಾದದ ಕಹಿಯೇ ಕನ್ನಡಿಗರನ್ನು ಪಟ್ಟಾಭಿಯವರಿಂದ ದೂರಮಾಡಿತೆಂದು ಯಾರಾದರೂ ಹೇಳಬಹುದು. ಈ ಆಕ್ಷೇಪವು ಅಲಕ್ಷ್ಯಕ್ಕೆ ಅರ್ಹವಲ್ಲ. ಆದರೆ ಆಂಧ್ರದೊಡನೆ ಎಲ್ಲೆಯ ವ್ಯಾಜ್ಯವಿಲ್ಲದ ಕೇರಳವು ಕರ್ನಾಟಕಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಬೋಸರಿಗೆ ಮತ ಕೊಟ್ಟಿತು. ಆಂಧ್ರದೊಡನೆ ಮದರಾಸು ಪಟ್ಟಣಕ್ಕಾಗಿ ಸೆಣಸುತ್ತಿದ್ದ ತಮಿಳುನಾಡಿನಲ್ಲಿ ಮತಗಳು ಬಹುಮಟ್ಟಿಗೆ ಸಮವಾಗಿ ಹಂಚಿಹೋದುವು. ಎಲ್ಲೆಯ ದ್ವೇಷವೇ ಕಾರಣವಾಗಿದ್ದರೆ ಫಲವು ತಲೆಕೆಳಗಾಗಬೇಕಾಗಿದ್ದಿತು. ಮೇಲಾಗಿ ಕರ್ನಾಟಕದ ಮತದಾರರು ಬಿಳಿಯ ಜಿಲ್ಲೆಗಳಲ್ಲಿ, ಸಂಸ್ಥಾನಗಳಲ್ಲಿ, ಕರಾವಳಿಯಲ್ಲಿ ಚದರಿದ್ದವರು. ಬೆಳಗಾವಿ ಅಥವಾ ಮೈಸೂರಿನ ಪ್ರತಿನಿಧಿಗೆ ಬಳ್ಳಾರಿಯ ವ್ಯಾಜ್ಯವು ಮೊದಲ ಚಿಂತೆಯಾಗಿರುವುದು ಸಹಜವಲ್ಲ.

ಗಾಂಧೀಜಿಯವರ ಮೇಲಿನ ಅವಿಶ್ವಾಸವು ಕಾರಣವೆಂಬ ಊಹೆಯೂ ನಿಲ್ಲಲಾರದು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪನ್ನು ತೆಗೆದ ನಾಡಿದು. ಸಿರ್ಸಿ, ಸಿದ್ದಾಪುರಗಳಲ್ಲಿ ಕರನಿರಾಕರಣೆಗಾಗಿ ಮನೆಮಠ ಕಳೆದುಕೊಂಡ ರೈತರ ನಾಡಿದು. ಗಂಗಾಧರರಾವ್ ದೇಶಪಾಂಡೆಯವರಂತಹ ಗಾಂಧೀನಿಷ್ಠರು ಮುಂದಾಳುಗಳಾಗಿದ್ದ ಪ್ರಾಂತವಿದು. ಪಟ್ಟಾಭಿಯವರ ಸೋಲು ತಮ್ಮ ಸೋಲೆಂದು ಗಾಂಧೀಜಿಯವರು ಸಾರಿದ್ದು ಜನವರಿ 31ರಂದು, ಮತದಾನವು ಮುಗಿದ ಎರಡು ದಿನಗಳ ಮೇಲೆ. ಮತ ಹಾಕುವಾಗ ಪ್ರತಿನಿಧಿಯ ಕಣ್ಣಮುಂದಿದ್ದ ಆಯ್ಕೆಯು ಗಾಂಧೀಜಿಯೋ ಬೋಸರೋ ಎಂಬುದಾಗಿರಲಿಲ್ಲ. ಪಟ್ಟಾಭಿಯವರೋ ಬೋಸರೋ ಎಂಬುದಾಗಿದ್ದಿತು. ಹೀಗೆ ಒಂದೊಂದನ್ನೂ ಪರಿಶೀಲಿಸಿ ಬಿಟ್ಟ ಮೇಲೆ, ಸಂಯುಕ್ತ ರಾಜ್ಯವನ್ನು ಎದುರಿಸುವ ದೃಢವಾದ ನಿಲುವು, ಸಂಸ್ಥಾನಗಳ ಜನರ ಹಕ್ಕು, ಮೇಲಿನವರು ಗೊತ್ತುಮಾಡಿದ ಹೆಸರಿಗೆ ಕೈಯೆತ್ತುವ ರೂಢಿಯ ಬಗ್ಗೆ ಬೇಸರ, ಇವೇ ಕರ್ನಾಟಕದ ಬಹುಸಂಖ್ಯಾತರನ್ನು ಪ್ರೇರಿಸಿದುವೆಂಬ ಅನುಮಾನವು ಹೆಚ್ಚು ಸಮಂಜಸವಾಗಿ ತೋರುತ್ತದೆ. ಪ್ರಾಂತದ ಲಾಭನಷ್ಟವನ್ನು ಬದಿಗಿಟ್ಟು ರಾಷ್ಟ್ರದ ಪ್ರಶ್ನೆಯನ್ನು ತೂಗಿದರೆಂಬ ಕೀರ್ತಿಯು ಅವರಿಗೆ ಸಲ್ಲತಕ್ಕದ್ದೇ.

ಆದರೆ ತೂಕವು ಪೂರ್ಣವಾಗಿದ್ದಿತೆ? ಮುಂದಿನ ಮೂರು ತಿಂಗಳ ಚರಿತ್ರೆಯು ಇದಕ್ಕೆ ಉತ್ತರ ಕೊಡುತ್ತದೆ. ಫೆಬ್ರುವರಿ 22ರಂದು ಕಾರ್ಯಕಾರಿ ಸಮಿತಿಯ ಬಹುತೇಕ ಸದಸ್ಯರು ರಾಜೀನಾಮೆಯಿತ್ತರು. ಮಾರ್ಚಿಯಲ್ಲಿ ಜಬ್ಬಲಪುರದ ಬಳಿಯ ತ್ರಿಪುರಿಯಲ್ಲಿ ಅಧಿವೇಶನವು ಕೂಡಿದಾಗ ಬೋಸರು ತೀವ್ರವಾದ ಜ್ವರದಿಂದ ನರಳುತ್ತಿದ್ದರು. ಬ್ರಿಟಿಷ್ ಸರಕಾರಕ್ಕೆ ಆರು ತಿಂಗಳ ಗಡುವನ್ನು ಕೊಡಬೇಕೆಂಬ ಅವರ ಸೂಚನೆಗೆ ಬೆಂಬಲ ದೊರೆಯಲಿಲ್ಲ. ಗೋವಿಂದವಲ್ಲಭ ಪಂತರು ತಂದ ನಿರ್ಣಯವು, ಅಧ್ಯಕ್ಷನು ಗಾಂಧೀಜಿಯವರ ಇಚ್ಛೆಗನುಸಾರವಾಗಿ ಕಾರ್ಯಕಾರಿ ಸಮಿತಿಯನ್ನು ನೇಮಿಸಬೇಕೆಂದು ವಿಧಿಸಿತು. ವಿಷಯ ನಿರ್ಧಾರಕ ಸಮಿತಿಯಲ್ಲಿ ಇದಕ್ಕೆ 218 ಮತಗಳು ಅನುಕೂಲವಾಗಿಯೂ 135 ಪ್ರತಿಕೂಲವಾಗಿಯೂ ಬಂದು, ಬಹಿರಂಗ ಅಧಿವೇಶನದಲ್ಲಿಯೂ ಅದು ಅಂಗೀಕೃತವಾಯಿತು. ಜನವರಿಯಲ್ಲಿ ಬೋಸರನ್ನು ಗೆಲ್ಲಿಸಿದ ಪ್ರತಿನಿಧಿವರ್ಗವೇ ಮಾರ್ಚಿಯಲ್ಲಿ ಅವರ ಕೈ ಕಟ್ಟಿತು. ಅಧ್ಯಕ್ಷನ ವಿಶಿಷ್ಟ ಅಧಿಕಾರವೆಂದು ಬೋಸರು ಯಾವುದನ್ನು ಎತ್ತಿ ತೋರಿಸಿದ್ದರೋ ಆ ಅಧಿಕಾರವೇ ಕಳಚಿಬಿದ್ದಿತು. ಏಪ್ರಿಲ್ 29ರಂದು ಕಲಕತ್ತೆಯಲ್ಲಿ ಅವರು ಪದವಿಯನ್ನು ತ್ಯಜಿಸಿದರು. ರಾಜೇಂದ್ರ ಪ್ರಸಾದರು ಆ ಸ್ಥಾನಕ್ಕೆ ಬಂದರು.

ಬೋಸರು ದೃಷ್ಟಾಂತವಾಗಿ ತೆಗೆದುಕೊಂಡ ಅಮೆರಿಕದಲ್ಲಿಯೇ ಇಂತಹ ಪ್ರಸಂಗವೊಂದು 27 ವರ್ಷಗಳ ಹಿಂದೆ ನಡೆದಿದ್ದಿತು. ಅಲ್ಲಿ ಪಕ್ಷದ ಉಮೇದುವಾರನನ್ನು ಸಾಮಾನ್ಯ ಮತದಾರರೇ ಸೂಚಿಸುವ ಪೂರ್ವಭಾವಿ ಚುನಾವಣೆಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವು ಸಂಸ್ಥಾನಗಳಲ್ಲಿ ಬಳಕೆಗೆ ಬಂದುವು. 1912ರಲ್ಲಿ ರಿಪಬ್ಲಿಕನ್ ಪಕ್ಷದೊಳಗೆ ನಡೆದ ಇಂತಹ ಚುನಾವಣೆಗಳಲ್ಲಿ ಬಹುಪಾಲನ್ನು ಥಿಯೋಡೋರ್ ರೂಸ್‌ವೆಲ್ಟನು ಗೆದ್ದನು. ಆದರೂ ಷಿಕಾಗೋದಲ್ಲಿ ಕೂಡಿದ ಪಕ್ಷದ ಮಹಾಸಭೆಯು ಟ್ಯಾಫ್ಟನನ್ನೇ ಉಮೇದುವಾರನನ್ನಾಗಿ ಮಾಡಿತು. ಮತವನ್ನು ಕೇಳುವುದು ಒಂದು, ಸಂಸ್ಥೆಯ ಸೂತ್ರವನ್ನು ಹಿಡಿದಿರುವುದು ಇನ್ನೊಂದು ಎಂಬ ಪಾಠವು ಎರಡು ಖಂಡಗಳಲ್ಲಿಯೂ ಒಂದೇ. ಆದರೆ ಅಮೆರಿಕದ ರಾಷ್ಟ್ರಾಧ್ಯಕ್ಷನ ಅಧಿಕಾರವನ್ನು ರಾಜ್ಯಾಂಗವು ಬರೆದಿಟ್ಟಿದೆ. ಕಾಂಗ್ರೆಸ್ ಅಧ್ಯಕ್ಷನ ಅಧಿಕಾರವಾದರೋ ಹೆಚ್ಚಾಗಿ ಸಹೋದ್ಯೋಗಿಗಳ ಒಪ್ಪಿಗೆಯಲ್ಲಿ ನೆಲೆಸಿದ್ದಿತು. ಹೋಲಿಕೆಯು ಈ ಸ್ಥಳದಲ್ಲಿ ಮುರಿಯುತ್ತದೆ. ಬೋಸರ ವಾದವು ಎಡವಿದ್ದೂ ಇಲ್ಲಿಯೇ.

ಕಾಲವು ತಂದ ವಿಪರ್ಯಾಸವು ಇನ್ನೂ ಒಂದುಂಟು. 1939ರ ಸೆಪ್ಟೆಂಬರ್ 3ರಂದು ಯುದ್ಧವು ಆರಂಭವಾಯಿತು. ಅದೇ ತಿಂಗಳ 11ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಸಂಯುಕ್ತ ರಾಜ್ಯದ ಸಿದ್ಧತೆಗಳನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿದನು. ಆ ಯೋಜನೆಯು ಮತ್ತೆ ತಲೆಯೆತ್ತಲಿಲ್ಲ. ಚುನಾವಣೆಯ ಮುಖ್ಯ ಪ್ರಶ್ನೆಯಾಗಿ ಮೆರೆದುದು ಎಂಟು ತಿಂಗಳೊಳಗೆ ಅಳಿಯಿತು. ಬದಿಗಿಟ್ಟ ಪ್ರಶ್ನೆಯಾದರೋ ಮತ್ತೆ ಹದಿನೇಳು ವರ್ಷ ಬದುಕಿತು. ಪಟ್ಟಾಭಿಯವರು 1948ರಲ್ಲಿ ಪುರುಷೋತ್ತಮದಾಸ ಟಂಡನರನ್ನು ಸೋಲಿಸಿ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಜಯಪುರದ ಅಧಿವೇಶನವು ಭಾಷಾಪ್ರಾಂತಗಳ ವಿಚಾರಕ್ಕಾಗಿ ನೇಮಿಸಿದ ಮೂವರ ಸಮಿತಿಯಲ್ಲಿ ನೆಹರೂ, ಪಟೇಲರೊಡನೆ ಅವರೂ ಇದ್ದರು. 1949ರ ಏಪ್ರಿಲಿನ ಅದರ ವರದಿಯು ಭಾಷಾಪ್ರಾಂತಗಳನ್ನು ಮುಂದಕ್ಕೆ ತಳ್ಳಬೇಕೆಂದು ಹೇಳಿ, ಮದರಾಸು ಪಟ್ಟಣದ ಹಕ್ಕನ್ನು ಬಿಟ್ಟರೆ ಆಂಧ್ರವನ್ನು ಮಾತ್ರ ಪರಿಶೀಲಿಸಬಹುದೆಂದಿತು. ಕರ್ನಾಟಕವು ಕಾಯಬೇಕಾಯಿತು. ಆಂಧ್ರ ರಾಜ್ಯವು ನಿಶ್ಚಯವಾದ ಮೇಲೆ ಬಳ್ಳಾರಿ ತಾಲ್ಲೂಕಿನ ವಿವಾದವು ನ್ಯಾಯಮೂರ್ತಿ ಮಿಶ್ರರ ವಿಚಾರಣೆಗೆ ಹೋಗಿ, ಕೊನೆಗೆ 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗಗಳನ್ನುಳಿದು ಬಳ್ಳಾರಿ, ಹೊಸಪೇಟೆ, ಸಂಡೂರು, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮೈಸೂರಿಗೆ ಸೇರಿದುವು. ಕೇಳಕರರು ಮೂವತ್ತು ವರ್ಷಗಳಷ್ಟು ಹಿಂದೆ ಎಳೆದ ಗೆರೆಯನ್ನೇ ಬಹುಮಟ್ಟಿಗೆ ಸರಕಾರದ ನಕ್ಷೆಯೂ ಒಪ್ಪಿತು. ಹೊಳೆಯ ಎರಡು ದಂಡೆಗಳೂ ಒಂದೇ ರಾಜ್ಯವಾದದ್ದು 1956ರ ನವಂಬರ್ 1ರಂದು.

ಹಾಗಾದರೆ 106 ಮಂದಿ ತಪ್ಪಿದರೆ? ಅಳಿದುಹೋಗುವ ಪ್ರಶ್ನೆಗಾಗಿ ಉಳಿಯುವ ಪ್ರಶ್ನೆಯನ್ನು ಬಿಟ್ಟರೆಂದು ಅವರನ್ನು ದೂರುವುದು ನ್ಯಾಯವಲ್ಲ. ಯುದ್ಧವು ಬಾರದಿದ್ದರೆ ಸಂಯುಕ್ತ ರಾಜ್ಯವು ಬಂದೀತು. ಆಗ ಅದರ ಗುರುತ್ವವು ಎಲ್ಲರಿಗೂ ತಿಳಿಯುತ್ತಿದ್ದಿತು. ಮುಂದೆ ಆಗುವುದನ್ನು ಅರಿಯದೆ, ತಿಳಿದಷ್ಟನ್ನು ಪ್ರಾಮಾಣಿಕವಾಗಿ ತೂಗುವುದೇ ಮತದಾರನ ಧರ್ಮ. ಆ ಧರ್ಮವನ್ನು ಅವರು ಪಾಲಿಸಿದರು. ಅವರ ಕೊರತೆಯು ಬೇರೆಯ ಕಡೆಯಲ್ಲಿದೆ: ಪ್ರಶ್ನೆಯನ್ನೂ ವ್ಯಕ್ತಿಯನ್ನೂ ತೂಗಿದವರು ಪದವಿಯನ್ನು ತೂಗಲಿಲ್ಲ. ಅಧ್ಯಕ್ಷನೊಬ್ಬನನ್ನು ಗೆಲ್ಲಿಸಿದರೆ ನೀತಿಯು ಬದಲಾಗುವುದೆಂದು ನಂಬಿದರು; ಕಾರ್ಯಕಾರಿ ಸಮಿತಿಯಲ್ಲಿಯೂ ಅಖಿಲ ಭಾರತ ಸಮಿತಿಯಲ್ಲಿಯೂ ಬಹುಮತವಿಲ್ಲದ ಅಧ್ಯಕ್ಷನಿಗೆ ನೀತಿಯನ್ನು ಬದಲಿಸುವ ದಾರಿಯೇ ಇರಲಿಲ್ಲವೆಂಬುದನ್ನು ಮರೆತರು. ಏಳು ಮಂದಿಯ ಹೇಳಿಕೆಯಲ್ಲಿ ಅಧಿಕಾರಸ್ಥರ ಸ್ವಾರ್ಥವಿದ್ದಿರಬಹುದು. ಆದರೂ ಪದವಿಯ ಸ್ವರೂಪದ ವಿಷಯದಲ್ಲಿ ಅವರ ಮಾತು ವಾಸ್ತವಕ್ಕೆ ಹತ್ತಿರವಾಗಿದ್ದಿತು. ಈ ಸಮಸ್ಯೆಯು ಸ್ವಾತಂತ್ರ್ಯಾನಂತರವೂ ತೀರಲಿಲ್ಲ. 1950ರಲ್ಲಿ ಕೃಪಲಾನಿಯವರನ್ನು ಸೋಲಿಸಿ ಅಧ್ಯಕ್ಷರಾದ ಟಂಡನರು, ಕಾರ್ಯಕಾರಿ ಸಮಿತಿಯ ರಚನೆಯ ವಿಷಯದಲ್ಲಿ ಪ್ರಧಾನಮಂತ್ರಿ ನೆಹರೂರವರೊಡನೆ ಹೊಂದಿಕೆಯಾಗದೆ 1951ರಲ್ಲಿ ಪದವಿಯನ್ನು ಬಿಡಬೇಕಾಯಿತು.

ಇಷ್ಟಾದರೂ 1939ರ ಆ ಮತವು ವ್ಯರ್ಥವಾಯಿತೆನ್ನಲಾಗದು. ಹೆಸರನ್ನು ಹಿರಿಯರು ಸೂಚಿಸಿ ಕಿರಿಯರು ಅನುಮೋದಿಸುವ ರೂಢಿಯನ್ನು ಮುರಿದು, ನಾಯಕನನ್ನು ಆರಿಸುವವನಿಗೆ ನಾಯಕನ ವಿಚಾರವನ್ನು ಕೇಳುವ ಹಕ್ಕುಂಟೆಂಬುದನ್ನು ಅದು ಸ್ಥಾಪಿಸಿತು. ಸ್ವಂತ ಸೀಮೆಯ ಕೂಗನ್ನು ಅಡಗಿಸಿ ದೇಶದ ಪ್ರಶ್ನೆಗೆ ಕಿವಿಗೊಟ್ಟ ಪ್ರಾಂತವೊಂದು, ತನ್ನ ಸರದಿಗಾಗಿ ದೀರ್ಘಕಾಲ ಕಾಯಬೇಕಾದರೂ ಕೊನೆಗೆ ತನ್ನ ಸೀಮೆಯನ್ನೂ ಪಡೆಯಿತು. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಹೊಳಲಿನ ಮತದಾರನು ಈಗ ಹೊಳೆ ದಾಟಿದರೂ ತನ್ನ ರಾಜ್ಯದಲ್ಲಿಯೇ ಇರುವನು. ಆದರೆ ಉಮೇದುವಾರನೊಬ್ಬನು ದೇಶದ ದೊಡ್ಡ ಪ್ರಶ್ನೆಗಳನ್ನು ಹೊತ್ತು ಅವನ ಬಾಗಿಲಿಗೆ ಬಂದಾಗ ಕೇಳಬೇಕಾದ ಮೂರು ಮಾತುಗಳು 1939ರಲ್ಲಿದ್ದುವೇ ಇಂದಿಗೂ ಇವೆ: ಪ್ರಶ್ನೆಯು ನಿಜವಾದುದೆ, ಇವನ ನಿಲುವು ಸ್ಥಿರವಾದುದೆ, ಇವನು ಬೇಡುವ ಪದವಿಗೆ ಆ ಪ್ರಶ್ನೆಯನ್ನು ಬಿಡಿಸುವ ಕೈಬಲವುಂಟೆ. ಮೊದಲೆರಡನ್ನು ಕೇಳಿ ಮೂರನೆಯದನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ತ್ರಿಪುರಿಯೇ ಸಾಕ್ಷಿ.